ಲ್ಯಾಗ್ ಅಂತಾನಾ ಮಗ? ಪರ್ಸ್ ತೆಗೆಯೋ ಮುಂಚೆ ಪಿಂಗ್ ನೋಡಿ!

ಹೊಸ ರೂಟರ್ ತಂದ್ರೆ ಆನ್‌ಲೈನ್ ಗೇಮ್ ಸರಾಗವಾಗಿ ಓಡುತ್ತಾ? ಕೆಲವು ಮನೆಗಳಲ್ಲಿ ಹೌದು, ಕೆಲವು ಮನೆಗಳಲ್ಲಿ ಖಂಡಿತಾ ಇಲ್ಲ. ನಿಮ್ಮ ಮನೆ ಯಾವ ಗುಂಪಿಗೆ ಸೇರಿದ್ದು ಅಂತ ಅರ್ಧ ಗಂಟೆಯಲ್ಲಿ ನೀವೇ ಕಂಡುಹಿಡಿಯಬಹುದು.

ರಾತ್ರಿ ಒಂಬತ್ತಾದರೆ ಸಾಕು, ರೂಮಿನ ಬಾಗಿಲ ಹಿಂದಿನಿಂದ ಒಂದೇ ರಾಗ. ‘ಅಮ್ಮಾ, ಲ್ಯಾಗ್ ಆಗ್ತಿದೆ! ಯಾರು ಟೀವೀಲಿ ಸಿನಿಮಾ ಹಾಕಿರೋದು?’ ಮಾರನೇ ದಿನ ತಿಂಡಿ ತಿನ್ನುವಾಗ ಅಹವಾಲು ಶುರು. ‘ನಮ್ಮ ರೂಟರ್ ಡಬ್ಬಾ. ಗೇಮಿಂಗ್ ರೂಟರ್ ತಗೊಂಡ್ರೆ ಎಲ್ಲಾ ಸರಿಹೋಗುತ್ತೆ. ಬರೀ ಹನ್ನೆರಡು ಸಾವಿರ!’ ಬರೀ ಹನ್ನೆರಡು ಸಾವಿರವಂತೆ! ಆ ದುಡ್ಡಲ್ಲಿ ಮನೆಯ ಒಂದು ತಿಂಗಳ ದಿನಸಿ, ತರಕಾರಿ, ಹಾಲಿನ ಲೆಕ್ಕ ಮುಗಿಯುತ್ತೆ ಅನ್ನೋದು ನಿಮಗೆ ಮಾತ್ರ ಗೊತ್ತು. ‘ಯಾಕೆ ಬೇಕು?’ ಅಂತ ಕೇಳಿದರೆ, ‘ನಿಂಗೆ ಇದೆಲ್ಲಾ ಅರ್ಥ ಆಗಲ್ಲ ಬಿಡಮ್ಮ’ ಅನ್ನೋ ಉತ್ತರ ಬೇರೆ.

ಅರ್ಥ ಆಗದೇ ಇರೋಂಥದ್ದು ಇದರಲ್ಲಿ ಏನೂ ಇಲ್ಲ. ಹಾಗಂತ ಮಗನದ್ದೋ ಮಗಳದ್ದೋ ಬರೀ ಹಠ ಅಂತ ತಳ್ಳಿಹಾಕಬೇಡಿ. ನಾಲ್ಕು ಜನರ ತಂಡದಲ್ಲಿ ಆಡುವಾಗ ಒಬ್ಬರ ಪರದೆ ಅರ್ಧ ಸೆಕೆಂಡ್ ನಿಂತರೂ ಆಟ ಕೈತಪ್ಪುತ್ತೆ, ಉಳಿದ ಮೂವರ ಬೈಗುಳ ಅವರ ತಲೆ ಮೇಲೆ ಬೀಳುತ್ತೆ. ಅವರ ಕಷ್ಟ ನಿಜವೇ. ಆದರೆ ಅದಕ್ಕೆ ಅವರು ಹೇಳೋ ಮದ್ದು ಸರಿಯೇ ಅನ್ನೋದಷ್ಟೇ ಪ್ರಶ್ನೆ.

ಲ್ಯಾಗ್ ಬೇರೆ, ಸ್ಪೀಡ್ ಬೇರೆ

ನೀವು ಅಡುಗೆಮನೆಯಿಂದ ‘ಊಟಕ್ಕೆ ಬಾರೋ’ ಅಂತ ಕೂಗ್ತೀರಿ. ರೂಮಿನಿಂದ ‘ಬಂದೇ...’ ಅನ್ನೋ ಉತ್ತರ ಬರುತ್ತೆ. ನೀವು ಕೂಗಿದಾಗಿನಿಂದ ಅವನು ಓಗೊಡುವ ತನಕ ಹಿಡಿದ ಹೊತ್ತು ಇದೆಯಲ್ಲ, ಇಂಟರ್‌ನೆಟ್ ಭಾಷೆಯಲ್ಲಿ ಅದಕ್ಕೇ ಪಿಂಗ್ ಅಂತಾರೆ. ಆಟ ಆಡುವ ಫೋನ್ ದೂರದ ಸರ್ವರ್ ಎಂಬ ಕಂಪ್ಯೂಟರ್‌ಗೆ ಪ್ರತಿ ಸೆಕೆಂಡಿಗೆ ಹತ್ತಾರು ಸಲ ಹೀಗೆ ಕೂಗುತ್ತಲೇ ಇರುತ್ತೆ. ಉತ್ತರ ಬರುವ ಹೊತ್ತನ್ನು ಮಿಲಿಸೆಕೆಂಡ್‌ಗಳಲ್ಲಿ ಅಳೆಯುತ್ತಾರೆ. ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗವೇ ಮಿಲಿಸೆಕೆಂಡ್. ಪಿಂಗ್ 30, 40ರ ಆಸುಪಾಸಿದ್ದರೆ ಆಟ ಚೆನ್ನಾಗಿ ನಡೆಯುತ್ತೆ. 100 ದಾಟಿದರೆ ಎಳೆದಾಟ ಶುರು. ಅದಕ್ಕಿಂತ ಕೆಟ್ಟದ್ದು ಯಾವುದು ಗೊತ್ತಾ? ಒಮ್ಮೆ 30, ಮರುಕ್ಷಣ 250, ಮತ್ತೆ 40 ಅಂತ ಕುಣಿಯೋದು. ಮಕ್ಕಳು ಲ್ಯಾಗ್ ಅಂತ ಕೂಗಾಡೋದು ಹೆಚ್ಚಾಗಿ ಇಂಥ ಕುಣಿತಕ್ಕೇ.

ಇನ್ನು ಸ್ಪೀಡ್. ಕನೆಕ್ಷನ್ ಕೊಡುವವರು 100 ಎಂಬಿಪಿಎಸ್, 300 ಎಂಬಿಪಿಎಸ್ ಅಂತ ಹೇಳ್ತಾರಲ್ಲ, ಅದು ಪೈಪಿನ ಅಗಲ. ಸಂಪು ಎಷ್ಟೇ ದೊಡ್ಡದಿರಲಿ, ಟ್ಯಾಂಕರ್ ಬರೋದು ಲೇಟಾದರೆ ನಲ್ಲೀಲಿ ನೀರು ಬರಲ್ಲ ತಾನೆ? ಇಲ್ಲೂ ಹಾಗೇ. ಆಟ ಡೌನ್‌ಲೋಡ್ ಮಾಡೋಕೆ ಅಗಲವಾದ ಪೈಪು ಬೇಕು. ಆಡೋಕೆ ಬೇಕಾಗಿರೋದು ತುಂಬಾ ಕಡಿಮೆ. ಒಂದು ಗಂಟೆ ಆಡಿದರೆ ಖರ್ಚಾಗೋ ಡೇಟಾ ಸಾಮಾನ್ಯವಾಗಿ ನೂರು ಎಂಬಿ ಆಚೀಚೆ ಅಷ್ಟೇ. ಆದ್ದರಿಂದ ‘ಪ್ಲಾನ್ 300ಕ್ಕೆ ಏರಿಸಿ ಮೇಡಂ, ಲ್ಯಾಗ್ ಹೋಗುತ್ತೆ’ ಅಂತ ಫೋನಿನಲ್ಲಿ ಯಾರಾದರೂ ಹೇಳಿದರೆ ತಕ್ಷಣ ಹೂಂ ಅನ್ನಬೇಡಿ.

ರಾಮನ್ ಹೆಸರಿನ ನಗರದಲ್ಲಿ ಬೆಳಕಿನ ಲೆಕ್ಕ

ಸಿ.ವಿ. ರಾಮನ್ ನಗರದ ಗೃಹಿಣಿಯರಿಗೆ ಈ ಭಾಗ ಇನ್ನೂ ಸಲೀಸು. ಬೆಳಕಿನ ಚದುರುವಿಕೆ ಬಗ್ಗೆ ಸಂಶೋಧನೆ ಮಾಡಿ 1930ರಲ್ಲಿ ನೊಬೆಲ್ ಪಡೆದ ವಿಜ್ಞಾನಿಯ ಹೆಸರು ನಿಮ್ಮ ಬಡಾವಣೆಗಿದೆ. ಮಗನ ಆಟ ಓಡೋದೂ ಬೆಳಕಿನ ಮೇಲೆಯೇ! ಮನೆಗೆ ಬಂದಿರುವ ಫೈಬರ್ ಅಂದರೆ ಕೂದಲೆಳೆಯಂಥ ಗಾಜಿನ ತಂತಿ. ಅದರೊಳಗೆ ಬೆಳಕು ಸಂದೇಶ ಹೊತ್ತು ಓಡುತ್ತೆ. ದೂರದೂರದ ಫೈಬರ್ ಮಾರ್ಗಗಳಲ್ಲಿ ಮಂಕಾದ ಬೆಳಕಿಗೆ ಮತ್ತೆ ಬಲ ತುಂಬೋಕೆ ಬಳಸುವ ಒಂದು ಸಾಧನದ ಹೆಸರೇ ರಾಮನ್ ಆಂಪ್ಲಿಫೈಯರ್. ರಾಮನ್ ಕಂಡುಹಿಡಿದ ಪರಿಣಾಮವನ್ನೇ ಆಧರಿಸಿ ಅದು ಕೆಲಸ ಮಾಡೋದು.

ಈ ಬೆಳಕು ಬಯಲಲ್ಲಿ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡಿದರೆ, ಗಾಜಿನೊಳಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತೆ. ಈಗ ಲೆಕ್ಕ ಹಾಕಿ. ವ್ಯಾಲೊರೆಂಟ್‌ನಂಥ ಆಟಕ್ಕೆ ಮುಂಬೈನಲ್ಲಿ ಸರ್ವರ್ ಇದೆ. ಬೆಂಗಳೂರಿನಿಂದ ಮುಂಬೈಗೆ ರಸ್ತೆ ದಾರಿ ಹೆಚ್ಚೂಕಡಿಮೆ 1,000 ಕಿಲೋಮೀಟರ್. ಕೇಬಲ್ ಕೂಡ ಅಷ್ಟೇ ದೂರ ಅಂತಿಟ್ಟುಕೊಂಡರೆ ಹೋಗಿಬರೋಕೆ 10 ಮಿಲಿಸೆಕೆಂಡ್. ದಾರಿ ಮಧ್ಯದ ಯಂತ್ರಗಳು ತಗೊಳ್ಳೋ ಹೊತ್ತು ಇದರ ಮೇಲೆ. ಅದೇ ಆಟದ ಸರ್ವರ್ ಸಿಂಗಪುರದಲ್ಲಿದ್ದರೆ? ನೇರ ಗೆರೆ ಎಳೆದರೂ 3,000 ಕಿಲೋಮೀಟರಿಗಿಂತ ಹೆಚ್ಚು. ಬರೀ ಬೆಳಕಿನ ಪ್ರಯಾಣಕ್ಕೇ 30 ಮಿಲಿಸೆಕೆಂಡ್ ದಾಟುತ್ತೆ. ಯುರೋಪಿನ ಸರ್ವರ್ ಆದರೆ 70 ದಾಟುತ್ತೆ. ಐವತ್ತು ಸಾವಿರದ ರೂಟರ್ ತಂದಿಟ್ಟರೂ ಈ ದೂರ ಒಂದು ಅಡಿ ಕೂಡ ಕಡಿಮೆ ಆಗಲ್ಲ.

ಕಗ್ಗದಾಸಪುರದ ರೈಲ್ವೆ ಗೇಟಿನ ಮುಂದೆ ಕಾದವರಿಗೆ ಇದು ಬೇಗ ಅರ್ಥವಾದೀತು. ಗೇಟು ಬಿದ್ದಾಗ ಹಳೇ ಸ್ಕೂಟರೂ ಒಂದೇ, ಹೊಚ್ಚ ಹೊಸ ಕಾರೂ ಒಂದೇ. ರೂಟರ್ ಅನ್ನೋದು ನಿಮ್ಮ ಮನೆ ಬಾಗಿಲಿನಿಂದ ಗೇಟಿನವರೆಗಿನ ವಾಹನ ಅಷ್ಟೇ. ಮನೆಯೊಳಗಿನ ತೊಂದರೆಯನ್ನು ಅದು ಸರಿಮಾಡಬಲ್ಲದು. ಆಚೆಗಿನದ್ದು ಅದರ ಕೈಲಿಲ್ಲ.

ಅರ್ಧ ಗಂಟೆಯ ಪರೀಕ್ಷೆ

ಹಾಗಾದ್ರೆ ತೊಂದರೆ ಒಳಗೋ ಹೊರಗೋ? ಒಂದು ಲ್ಯಾಪ್‌ಟಾಪ್, ಒಂದು ನೋಟ್‌ಬುಕ್ ಇದ್ದರೆ ಸಾಕು. ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವನೇ ಟೈಪ್ ಮಾಡಲಿ, ನೀವು ಅಂಕಿ ಬರೆದುಕೊಳ್ಳಿ.

ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ಅನ್ನೋ ಕಪ್ಪು ಕಿಟಕಿ ತೆರೆಯಿರಿ. ಇಂಗ್ಲಿಷಿನಲ್ಲಿ ‘ಪಿಂಗ್’ ಅಂತ ಬರೆದು, ಒಂದು ಜಾಗ ಬಿಟ್ಟು, ನಿಮ್ಮ ರೂಟರಿನ ವಿಳಾಸ ಬರೆಯಿರಿ. ಅದು ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಅಂತ ಇರುತ್ತೆ. ರೂಟರಿನ ತಳದಲ್ಲಿ ಅಂಟಿಸಿರುವ ಚೀಟಿಯಲ್ಲಿ ನೋಡಬಹುದು. ಮತ್ತೆ ಜಾಗ ಬಿಟ್ಟು ಒಂದು ಚಿಕ್ಕ ಅಡ್ಡಗೆರೆ, ಅದಕ್ಕೆ ಅಂಟಿಸಿ ‘ಟಿ’ ಅಕ್ಷರ ಹಾಕಿ ಎಂಟರ್ ಒತ್ತಿದರೆ, ನೀವು ನಿಲ್ಲಿಸುವ ತನಕ ಅಂಕಿಗಳು ಬರುತ್ತಲೇ ಇರುತ್ತವೆ. ಎರಡೆರಡು ನಿಮಿಷ ನೋಡಿದರೆ ಸಾಕು.

ಒಂದನೇ ಪರೀಕ್ಷೆ: ಮಗ ಆಡುವ ಜಾಗದಲ್ಲೇ ಲ್ಯಾಪ್‌ಟಾಪ್ ಇಟ್ಟು, ವೈ-ಫೈ ಮೂಲಕ ರೂಟರಿಗೆ ಪಿಂಗ್ ಮಾಡಿ. ಇದು ಮನೆಯೊಳಗಿನ ಓಗೊಡುವ ಹೊತ್ತು.

ಎರಡನೇ ಪರೀಕ್ಷೆ: ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ರೂಟರಿಗೇ ಜೋಡಿಸಿ. ರೂಟರ್ ವಿಳಾಸದ ಬದಲು 8.8.8.8 ಅಂತ ಕೊಡಿ. ಇದು ಗೂಗಲ್‌ನವರ ವಿಳಾಸ, ಮನೆಯಾಚೆಗಿನ ದಾರಿ ಹೇಗಿದೆ ಅಂತ ಹೇಳುತ್ತೆ. ಈ ಹೊತ್ತಲ್ಲಿ ಮನೆಯ ಉಳಿದ ಫೋನು, ಟೀವಿಗಳ ವೈ-ಫೈ ಆಫ್ ಇರಲಿ.

ಮೂರನೇ ಪರೀಕ್ಷೆ: ಎರಡನೆಯದ್ದನ್ನೇ ಮತ್ತೆ ಮಾಡಿ. ಆದರೆ ಈ ಸಲ ಟೀವೀಲಿ ಸಿನಿಮಾ ಹಾಕಿ, ಒಂದು ಫೋನಿನಿಂದ ದೊಡ್ಡ ವಿಡಿಯೋ ಯಾರಿಗಾದರೂ ಕಳಿಸಿ.

ಮಧ್ಯಾಹ್ನ ಒಮ್ಮೆ, ರಾತ್ರಿ ಒಂಬತ್ತೂವರೆಗೆ ಒಮ್ಮೆ ಮಾಡಿದರೆ ಚಿತ್ರ ಪೂರ್ತಿ ಸಿಗುತ್ತೆ. ಕೊನೆಗೆ ಮಗ ಆಡುವಾಗ ಆಟದ ಪರದೆಯಲ್ಲಿ ಕಾಣುವ ಪಿಂಗ್ ಅಂಕಿಯನ್ನೂ ಪಕ್ಕದಲ್ಲಿ ಬರೆದಿಡಿ. ಬಹಳಷ್ಟು ಆಟಗಳು ಅದನ್ನು ಮೂಲೆಯಲ್ಲೇ ತೋರಿಸುತ್ತವೆ.

ಅಂಕಿ ಏನು ಹೇಳುತ್ತೆ?

ಒಂದನೇ ಪರೀಕ್ಷೆಯಲ್ಲೇ ಅಂಕಿ ಕುಣೀತಿದ್ಯಾ? ನಾಲ್ಕೈದು ಇರಬೇಕಾದ ಕಡೆ 60, 120 ಅಂತ ಜಿಗೀತಿದ್ಯಾ? ‘ಟೈಮ್ಡ್ ಔಟ್’ ಅಂತ ಬರ್ತಿದ್ಯಾ? ತೊಂದರೆ ಮನೆಯೊಳಗಿನ ವೈ-ಫೈನದ್ದು. ಮಗನ ಮಾತಲ್ಲಿ ಅರ್ಧ ಸತ್ಯ ಇದೆ.

ಎರಡನೇ ಪರೀಕ್ಷೆಯಲ್ಲಿ, ಮನೆಯಲ್ಲಿ ಬೇರೆ ಯಾರೂ ಬಳಸದಿದ್ದಾಗಲೂ, ರಾತ್ರಿ ಹೊತ್ತು ಅಂಕಿ ಏರುತ್ತಾ? ತೊಂದರೆ ಕನೆಕ್ಷನ್ ಕೊಟ್ಟವರ ಕಡೆಯದ್ದು. ಹೊಸ ರೂಟರಿಗೆ ಹಾಕಿದ ದುಡ್ಡು ನೀರಲ್ಲಿ ಹೋಮ.

ಎರಡನೆಯದು ಸರಿಯಿದ್ದು, ಮೂರನೆಯದರಲ್ಲಿ ಮಾತ್ರ ಹದಗೆಟ್ಟಿತಾ? ಹಾಗಾದರೆ ಇದು ಕ್ಯೂ ಸಮಸ್ಯೆ. ರೇಷನ್ ಅಂಗಡಿಯಲ್ಲಿ ನಿಮ್ಮದು ಒಂದೇ ಪೊಟ್ಟಣ, ಆದರೆ ಮುಂದಿನವರದ್ದು ಐದು ಮೂಟೆ. ಆಟದ ಪುಟಾಣಿ ಸಂದೇಶ ದೊಡ್ಡ ವಿಡಿಯೋದ ಹಿಂದೆ ಸಿಕ್ಕಿಕೊಂಡು ಕಾಯುತ್ತೆ.

ಮೂರೂ ಚೆನ್ನಾಗಿದ್ದು, ಆಟದ ಪರದೆಯಲ್ಲಿ ಮಾತ್ರ ಅಂಕಿ ಜಾಸ್ತಿ ಇದ್ದರೆ? ಸರ್ವರ್ ದೂರದಲ್ಲಿದೆ, ಅಥವಾ ಫೋನಿನಲ್ಲಿ ವಿಪಿಎನ್ ಆನ್ ಆಗಿದೆ. ವಿಪಿಎನ್ ಅಂದರೆ ಸಂದೇಶವನ್ನು ಬೇರೆ ಊರು ಸುತ್ತಿಸಿ ಕಳಿಸೋ ವ್ಯವಸ್ಥೆ, ಹಲಸೂರಿಗೆ ಹೋಗೋಕೆ ಹೊಸಕೋಟೆ ಸುತ್ತಿ ಹೋದ ಹಾಗೆ. ಅದನ್ನು ಆಫ್ ಮಾಡಿ ನೋಡಿ. ಆಟದ ಸೆಟ್ಟಿಂಗ್‌ನಲ್ಲಿ ಮುಂಬೈಯಂಥ ಹತ್ತಿರದ ಸರ್ವರ್ ಆರಿಸೋ ಅವಕಾಶ ಇದ್ದರೆ ಆರಿಸಿ.

ಪಿಂಗ್ ಚೆನ್ನಾಗಿದ್ದೂ ಪರದೆ ಮಾತ್ರ ಎಳೆಯುತ್ತಿದೆಯಾ? ಫೋನ್ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಫೋನೇ ತನ್ನ ವೇಗ ಇಳಿಸಿಕೊಂಡಿರುತ್ತೆ. ಚಾರ್ಜಿಗೆ ಹಾಕಿಕೊಂಡು, ದಿಂಬಿನ ಮೇಲಿಟ್ಟು ಆಡಿದರೆ ಹೀಗೇ ಆಗೋದು. ಇದಕ್ಕೂ ಇಂಟರ್‌ನೆಟ್‌ಗೂ ಸಂಬಂಧವೇ ಇಲ್ಲ.

ದುಡ್ಡಿಲ್ಲದ ಮದ್ದು ಮೊದಲು

ತೊಂದರೆ ಮನೆಯೊಳಗಿನದ್ದೇ ಅಂತಾದರೂ ಅಂಗಡಿಗೆ ಓಡಬೇಡಿ. ಮೊದಲು ರೂಟರ್ ಎಲ್ಲಿದೆ ನೋಡಿ. ಟೀವಿ ಸ್ಟ್ಯಾಂಡಿನ ಗೂಡಿನೊಳಗೆ? ಸ್ಟೀಲ್ ಬೀರುವಿನ ಹಿಂದೆ? ಧೂಳು ಕೂರುತ್ತೆ ಅಂತ ಕಸೂತಿ ಬಟ್ಟೆ ಹೊದಿಸಿದ್ದೀರಾ? ಬಟ್ಟೆ ಹೊದಿಸಿದರೆ ಪಾಪ, ಅದು ಬಿಸಿಯಿಂದ ಬೇಯುತ್ತೆ. ಲೋಹ, ಕನ್ನಡಿ, ಕಾಂಕ್ರೀಟ್ ಗೋಡೆ, ಮೀನಿನ ತೊಟ್ಟಿ ಇವೆಲ್ಲ ವೈ-ಫೈ ಅಲೆಗಳಿಗೆ ಅಡ್ಡಿ. ರೂಟರನ್ನು ಮನೆ ಮಧ್ಯದಲ್ಲಿ, ಎದೆಮಟ್ಟಕ್ಕಿಂತ ಎತ್ತರದಲ್ಲಿ, ತೆರೆದ ಜಾಗದಲ್ಲಿ ಇಡಿ.

ಎರಡನೆಯದು ಬ್ಯಾಂಡ್. ವೈ-ಫೈ ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಓಡುತ್ತೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. 2.4ರ ದಾರಿ ದೂರ ಹೋಗುತ್ತೆ, ಆದರೆ ತುಂಬಾ ಗಿಜಿಗಿಜಿ. ಒಂದಕ್ಕೊಂದು ತಾಗದಂಥ ಚಾನೆಲ್ ಅದರಲ್ಲಿರೋದು ಮೂರೇ: 1, 6 ಮತ್ತು 11. ಮಲ್ಲೇಶಪಾಳ್ಯದಲ್ಲೋ ನಾಗವಾರಪಾಳ್ಯದಲ್ಲೋ ಗೋಡೆಗೆ ಗೋಡೆ ಅಂಟಿದ ಫ್ಲ್ಯಾಟ್‌ಗಳಲ್ಲಿ ಫೋನಿನ ವೈ-ಫೈ ಪಟ್ಟಿ ತೆರೆದರೆ ಎಷ್ಟು ಹೆಸರು ಕಾಣುತ್ತವೆ ಎಣಿಸಿ ನೋಡಿ. ಅವರೆಲ್ಲರೂ ಆ ಮೂರು ದಾರಿಗಳನ್ನೇ ಹಂಚಿಕೊಳ್ಳಬೇಕು! ಸಾಲದ್ದಕ್ಕೆ ನಿಮ್ಮ ಮೈಕ್ರೋವೇವ್ ಒಲೆ, ಬ್ಲೂಟೂತ್ ಎಲ್ಲಾ ಓಡೋದು ಅದೇ ಜಾಗದಲ್ಲಿ. ನೀವು ಸಾರು ಬಿಸಿ ಮಾಡಿದಾಗ ಮಗ ಕಿರುಚಿಕೊಂಡರೆ ಅದು ಸುಳ್ಳಲ್ಲ! ಫೋನನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ. ಗೋಡೆ ದಾಟೋದು ಅದಕ್ಕೆ ಕಷ್ಟ, ಆದರೆ ಜನಸಂದಣಿ ಕಡಿಮೆ.

ಅಂದಹಾಗೆ, 5 ಗಿಗಾಹರ್ಟ್ಸ್‌ನ ಕೆಲವು ಚಾನೆಲ್‌ಗಳನ್ನು ಹವಾಮಾನ ಮತ್ತಿತರ ರೇಡಾರ್‌ಗಳೂ ಬಳಸುತ್ತವೆ. ರೇಡಾರ್ ಸುಳಿವು ಸಿಕ್ಕಿದ ಕೂಡಲೇ ರೂಟರ್ ಆ ಚಾನೆಲ್ ಬಿಟ್ಟುಕೊಟ್ಟು ಬೇರೆ ಕಡೆ ಹಾರಬೇಕು ಅನ್ನೋದು ನಿಯಮ. ಆ ಹೊತ್ತಲ್ಲಿ ಸಂಪರ್ಕ ತುಂಡಾಗುತ್ತೆ. ರೂಟರ್ ಸೆಟ್ಟಿಂಗ್‌ನಲ್ಲಿ 36ರಿಂದ 48ರ ಒಳಗಿನ ಚಾನೆಲ್ ಆರಿಸಿದರೆ ಈ ಕಿರಿಕಿರಿ ಇರಲ್ಲ.

ಮೂರನೆಯದು ಎಲ್ಲಕ್ಕಿಂತ ಒಳ್ಳೇ ಮದ್ದು: ಕೇಬಲ್. ಕಂಪ್ಯೂಟರಿನಲ್ಲೋ ಗೇಮ್ ಕನ್ಸೋಲ್‌ನಲ್ಲೋ ಆಡುವ ಮಕ್ಕಳಾದರೆ ರೂಟರಿನಿಂದ ನೇರ ಒಂದು ಲ್ಯಾನ್ ಕೇಬಲ್ ಎಳೆಯಿರಿ. ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ‘ಕ್ಯಾಟ್ 6’ ಅಂತ ಕೇಳಿ, ಮನೆಗೆ ಬೇಕಾಗುವಷ್ಟು ಉದ್ದದ್ದು ಕೆಲವು ನೂರು ರೂಪಾಯಿಗೇ ಸಿಗುತ್ತೆ. ಗೋಡೆ ಬದಿಗೆ ಕ್ಲಿಪ್ ಹೊಡೆದರೆ ಕಸ ಗುಡಿಸುವಾಗ ಕಾಲಿಗೆ ಸಿಗಲ್ಲ. ಈ ಕೆಲವು ನೂರರ ಕೇಬಲ್ ಮಾಡೋ ಕೆಲಸವನ್ನು ಹನ್ನೆರಡು ಸಾವಿರದ ರೂಟರಿನ ವೈ-ಫೈ ಕೂಡ ಮಾಡಲ್ಲ.

ಕ್ಯೂ ಸಮಸ್ಯೆಯಾದರೆ, ನಿಮ್ಮ ಹಳೇ ರೂಟರಿನಲ್ಲೇ ‘ಕ್ಯೂಓಎಸ್’ ಅನ್ನೋ ಸೆಟ್ಟಿಂಗ್ ಇದೆಯಾ ನೋಡಿ. ಯಾರ ಸಂದೇಶ ಮೊದಲು ಹೋಗಬೇಕು ಅಂತ ಅದರಲ್ಲಿ ಹೇಳಿಡಬಹುದು. ಫೋನುಗಳ ಫೋಟೋ ಬ್ಯಾಕಪ್ಪನ್ನು ಮಧ್ಯರಾತ್ರಿಗೆ ತಳ್ಳಿ. ಯಜಮಾನರ ಆಫೀಸ್ ವಿಡಿಯೋ ಮೀಟಿಂಗ್ ಇರುವ ಹೊತ್ತಲ್ಲಿ ಆಟ ಬೇಡ ಅಂತ ಮೊದಲೇ ಒಪ್ಪಂದ ಆಗಲಿ. ಎಲ್ಲರ ಊಟದ ಸಮಯ ಹೊಂದಿಸೋ ನಿಮಗೆ ಇದೇನು ದೊಡ್ಡ ಕೆಲಸ?

ಯಾವಾಗ ಕೊಳ್ಳಬೇಕು?

ಇಷ್ಟೆಲ್ಲಾ ಮಾಡಿದ ಮೇಲೂ ಒಂದನೇ ಅಥವಾ ಮೂರನೇ ಪರೀಕ್ಷೆ ಸುಧಾರಿಸದಿದ್ದರೆ ಆಗ ಮಗನ ಬೇಡಿಕೆ ನ್ಯಾಯವಾದದ್ದು. ಈ ಸಂದರ್ಭಗಳಲ್ಲಿ ಹೊಸ ರೂಟರ್ ನಿಜಕ್ಕೂ ಕೆಲಸಕ್ಕೆ ಬರುತ್ತೆ:

* ನಿಮ್ಮದು 2.4 ಗಿಗಾಹರ್ಟ್ಸ್ ಮಾತ್ರ ಇರುವ ಹಳೇ ರೂಟರ್ ಆಗಿದ್ದರೆ. ಎರಡೂ ಬ್ಯಾಂಡ್ ಇರೋದಕ್ಕೆ ಬದಲಿಸಿ. ಸಾಧಾರಣ ಮಾಡೆಲ್ಲೇ ಸಾಕು.

* ಮನೆಯಲ್ಲಿ ಫೋನು, ಟೀವಿ, ಲ್ಯಾಪ್‌ಟಾಪ್, ಕ್ಯಾಮೆರಾ ಎಲ್ಲಾ ಸೇರಿ ಹದಿನೈದು, ಇಪ್ಪತ್ತು ಸಾಧನ ಇದ್ದರೆ. 2019ರಿಂದ ಸರ್ಟಿಫಿಕೇಟ್ ಪಡೆದು ಬರುತ್ತಿರುವ ವೈ-ಫೈ 6 ರೂಟರ್‌ಗಳು ಒಟ್ಟಿಗೆ ಹಲವರ ಜತೆ ಮಾತಾಡೋದರಲ್ಲಿ ಹಳೆಯವಕ್ಕಿಂತ ಚುರುಕು. ಆದರೆ ಪೂರ್ತಿ ಲಾಭ ಸಿಗಬೇಕಾದರೆ ಫೋನೂ ವೈ-ಫೈ 6ರದ್ದೇ ಇರಬೇಕು.

* ಕ್ಯೂ ಸಮಸ್ಯೆ ಇದ್ದು, ಹಳೇ ರೂಟರಿನಲ್ಲಿ ಕ್ಯೂಓಎಸ್ ಇಲ್ಲದಿದ್ದರೆ.

* ಮನೆ ದೊಡ್ಡದಾಗಿ, ಮಗನ ರೂಮಿಗೆ ಸಿಗ್ನಲ್ ತಲುಪದೇ ಇದ್ದರೆ. ಆಗ ಅಗ್ಗದ ರಿಪೀಟರ್ ಬೇಡ. ಒಂದೇ ಮಾತನ್ನು ಎರಡು ಸಲ ದಾಟಿಸೋದರಿಂದ ಅದು ತಡವನ್ನು ಇನ್ನಷ್ಟು ಹೆಚ್ಚಿಸುತ್ತೆ. ಕೇಬಲ್ ಎಳೆದು ರೂಮಿನಲ್ಲೇ ಎರಡನೇ ಪೆಟ್ಟಿಗೆ ಇಡೋದು ಉತ್ತಮ.

ಪೆಟ್ಟಿಗೆ ಮೇಲೆ ಕೆಂಪು ದೀಪ, ಎಂಟು ಆಂಟೆನಾ, ‘ಗೇಮಿಂಗ್’ ಅನ್ನೋ ಹೆಸರು ಇದ್ದ ಮಾತ್ರಕ್ಕೆ ಮರುಳಾಗಬೇಡಿ. ಕೊಳ್ಳುವ ಮುಂಚೆ ನೆರೆಮನೆಯವರದ್ದೋ ತಮ್ಮನ ಮನೆಯದ್ದೋ ರೂಟರನ್ನು ಒಂದು ಸಂಜೆ ಕೇಳಿ ತಂದು ಹಾಕಿ ನೋಡಬಹುದು. ಇಲ್ಲವಾದರೆ ವಾಪಸ್ ತಗೊಳ್ಳೋ ಅಂಗಡಿಯಲ್ಲೇ ಕೊಳ್ಳಿ. ಹೊಸದನ್ನು ಕನೆಕ್ಷನ್‌ನವರ ಪೆಟ್ಟಿಗೆಯ ಹಿಂದೆ ಜೋಡಿಸೋದಾದರೆ ಹಳೇ ಪೆಟ್ಟಿಗೆಯನ್ನು ‘ಬ್ರಿಡ್ಜ್ ಮೋಡ್’ಗೆ ಹಾಕಿಕೊಡಿ ಅಂತ ಅವರನ್ನೇ ಕೇಳಿ. ಎರಡು ರೂಟರ್ ಒಂದರ ಹಿಂದೊಂದು ಕೆಲಸ ಮಾಡಿದರೆ ಕೆಲವು ಆಟಗಳಲ್ಲಿ ಗೆಳೆಯರ ಜತೆ ಜೋಡಣೆಯೇ ಆಗಲ್ಲ.

ತಪ್ಪು ಹೊರಗಿದ್ದರೆ

ಎರಡನೇ ಪರೀಕ್ಷೆ ಹದಗೆಟ್ಟಿದ್ದರೆ ನಿಮ್ಮ ನೋಟ್‌ಬುಕ್ಕೇ ನಿಮ್ಮ ಆಯುಧ. ‘ನೆಟ್ ಸ್ಲೋ ಇದೆ’ ಅಂದರೆ ‘ರೂಟರ್ ಆಫ್ ಮಾಡಿ ಆನ್ ಮಾಡಿ ಮೇಡಂ’ ಅನ್ನೋ ಉತ್ತರ ಸಿಗುತ್ತೆ. ಅದರ ಬದಲು, ‘ಕೇಬಲ್‌ನಲ್ಲಿ ಜೋಡಿಸಿ ನೋಡಿದ್ದೀನಿ. ಮಧ್ಯಾಹ್ನ ಮೂರಕ್ಕೆ 12 ಮಿಲಿಸೆಕೆಂಡ್, ರಾತ್ರಿ ಒಂಬತ್ತೂವರೆಗೆ 180, ಮೂರು ದಿನದಿಂದ ಹೀಗೇ ಇದೆ’ ಅಂತ ನಿಮ್ಮ ಅಂಕಿಗಳನ್ನೇ ಓದಿ ಹೇಳಿ. ಮಾತಿನ ಧಾಟಿಯೇ ಬದಲಾಗುತ್ತೆ. ದೂರಿಗೆ ಡಾಕೆಟ್ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2012ರಲ್ಲಿ ಮಾಡಿದ ನಿಯಮದ ಪ್ರಕಾರ ಪ್ರತಿ ದೂರಿಗೂ ಈ ನಂಬರ್ ಕೊಡಲೇಬೇಕು. ಉತ್ತರ ಸರಿ ಬರದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ಅದಕ್ಕೆ ಶುಲ್ಕ ಇಲ್ಲ.

ಅದಕ್ಕೂ ಬಗ್ಗದಿದ್ದರೆ ಕನೆಕ್ಷನ್ನನ್ನೇ ಬದಲಿಸೋ ಯೋಚನೆ ಮಾಡಿ. ಮೊದಲು ಅದೇ ಕಟ್ಟಡದಲ್ಲಿ ಬೇರೆ ಕಂಪನಿಯ ಕನೆಕ್ಷನ್ ಇರುವವರ ಮನೆಯಲ್ಲಿ, ರಾತ್ರಿ ಒಂಬತ್ತೂವರೆಗೆ, ಇದೇ ಪಿಂಗ್ ಪರೀಕ್ಷೆ ಮಾಡಿ. ಪಕ್ಕದ ಮನೆಯ ಕಾಫಿಯೂ ಆಯ್ತು, ಕೆಲಸವೂ ಆಯ್ತು!

ಈ ಪರೀಕ್ಷೆಯಿಂದ ಇನ್ನೊಂದು ಲಾಭ ಇದೆ. ‘ಬೇಕು’, ‘ಆಗಲ್ಲ’ ಅಂತ ನಡೀತಿದ್ದ ಜಗಳ, ‘ಅಂಕಿ ಎಷ್ಟು ಬಂತು?’ ಅನ್ನೋ ಮಾತಾಗಿ ಬದಲಾಗುತ್ತೆ. ರೂಟರ್ ಬೇಡ ಅಂತ ಅಂಕಿ ಹೇಳಿದರೆ ಮಗನಿಗೂ ಬೇಜಾರಿಲ್ಲ, ಯಾಕಂದ್ರೆ ಟೈಪ್ ಮಾಡಿದ್ದು ಅವನೇ. ಬೇಕು ಅಂತ ಹೇಳಿದರೆ, ಯಾವ ರೂಟರ್, ಎಷ್ಟರದ್ದು ಅಂತ ನಿರ್ಧರಿಸೋಕೆ ನಿಮಗೆ ಆಧಾರ ಸಿಕ್ಕಿತು. ಇವತ್ತು ರಾತ್ರಿ ಒಂಬತ್ತೂವರೆಗೆ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟ ತೆಗೆದಿಟ್ಟುಕೊಂಡು ಕೂತುಬಿಡಿ. ಏನಂತೀರಿ?